ತೊಟ್ಟಿಲ ಹಗ್ಗ

ಮೆಣಸಿನಕಾಯಿ ಕಣದಲ್ಲಿ ಕೆಮ್ಮುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಕೆಮ್ಮದೆ ಕೂತವರನ್ನೇ ನೋಡಬೇಕು, ಇವರಿಗೇನಾಗಿದೆಯೋ ಅಂತ.

ನಮ್ಮ ಕುಬಿಹಾಳದಲ್ಲಿ ಸಂಕ್ರಾಂತಿ ದಾಟಿದ ಮೇಲೆ ಈರಬಸಪ್ಪನವರ ಕಣಕ್ಕೆ ಒಣಮೆಣಸಿನಕಾಯಿ ಬಂದು ಬೀಳುತ್ತದೆ. ನಾವು ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತೇವೆ, ಬಣ್ಣಗೆಟ್ಟ ಕಾಯಿ ಆರಿಸಿ ಬೇರೆ ಹಾಕುತ್ತೇವೆ. ಕೈಗೆ ಎಣ್ಣೆ ಹಚ್ಚಿಕೊಂಡರೂ ಬೆರಳು ಉರಿಯುತ್ತವೆ, ಮೂಗಿಗೆ ಸೆರಗು ಕಟ್ಟಿಕೊಂಡರೂ ಘಾಟು ಎದೆಗಿಳಿಯುತ್ತದೆ. ಒಬ್ಬಳು ಕೆಮ್ಮಿದರೆ ಸಾಕು, ಸಾಲಿಗೆ ಸಾಲೇ ಶುರುವಾಗುತ್ತದೆ. ರೇಷ್ಮಾಬಿಯಂತೂ ಕೆಮ್ಮುತ್ತಲೇ ನಗುವವಳು. "ನಮ್ಮ ಭಜನಿ ಚಾಲೂ ಆತ್ ನೋಡ್ರಿ" ಎನ್ನುತ್ತಾಳೆ.

ಆ ಭಜನೆಯ ನಡುವೆ ನಮ್ಮ ಫಕೀರವ್ವನ ಕೆಮ್ಮು ವರ್ಷಗಟ್ಟಲೆ ಅಡಗಿಕೊಂಡು ಕೂತಿತ್ತು. ಅದನ್ನು ಅಲ್ಲಿ ತಂದು ಅಡಗಿಸಿದವಳೂ ಅವಳೇ.

ಫಕೀರವ್ವ ನನಗೆ ನೆಗೆಣ್ಣಿ. ಅವಳ ಗಂಡ ಹೊಳೆಯಪ್ಪ ಹಿರಿಯ, ನನ್ನ ಗಂಡ ಕಿರಿಯ. ಎರಡು ಮನೆಗೆ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಲು. ನಾನು ರೇವವ್ವ, ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ಅವಳು ಮಾತ್ರ ಬಾಯಿ ಇದೆಯೋ ಇಲ್ಲವೋ ಎನ್ನುವ ಹಾಗಿದ್ದಳು. ಹೊಳೆಯಪ್ಪ ಭಾವ ಕುರಿ ಹೊಡೆದುಕೊಂಡು ಊರೂರು ಅಲೆಯುವವರು, ಮನೆಗೆ ಬಂದರೆ ನೆಂಟರು ಬಂದ ಹಾಗೆ. ಹೀಗಾಗಿ ತಾಯಿ ಮಗಳು ಇಬ್ಬರೇ ಒಬ್ಬರಿಗೊಬ್ಬರು ಅಂಟಿಕೊಂಡು ಬೆಳೆದವರು. ಅರುಣಾ ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲೂ ತಾಯಿಯ ಸೆರಗು ಹಿಡಿದು ಮಲಗುತ್ತಿದ್ದಳು. ನಾವು ಕಾಡಿಸುತ್ತಿದ್ದೆವು.

ಆಗಲೇ ಫಕೀರವ್ವನಿಗೆ ಟಿ.ಬಿ. ಆಯಿತು. ಸರ್ಕಾರಿ ದವಾಖಾನೆಯವರು ಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದಳು. ಗುಣವಾಯಿತೆಂದು ಅವರೇ ಹೇಳಿ ಕಳಿಸಿದರು. ಆದರೆ ಊರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ನೀರು ಕೇಳಿದರೆ ಲೋಟ ನೆಲದ ಮೇಲಿಟ್ಟು ಸರಿಯುವವರು, ಅವಳು ಎದ್ದುಹೋದ ಕಟ್ಟೆಗೆ ನೀರು ಸುರಿಯುವವರು ನಮ್ಮ ಓಣಿಯಲ್ಲೇ ಇದ್ದರು. ಎಲ್ಲವನ್ನೂ ಅವಳು ನೋಡಿ ನುಂಗಿಕೊಂಡಳು. ಬರಬರುತ್ತ ಊರಿಗೆ ಬೇರೆ ಸುದ್ದಿ ಸಿಕ್ಕಿತು, ಇದನ್ನು ಮರೆಯಿತು.

ಮುಂದೆ ಅರುಣಾಳಿಗೆ ವರ ನೋಡುವ ಮಾತು ಎದ್ದಾಗ ಫಕೀರವ್ವ ಇದ್ದಕ್ಕಿದ್ದ ಹಾಗೆ ಕಣಕ್ಕೆ ಬರತೊಡಗಿದಳು. ಅದುವರೆಗೆ ಹೊಲದ ಕೆಲಸ ಬಿಟ್ಟು ಬೇರೆ ಮುಟ್ಟಿದವಳಲ್ಲ.

"ನಿನಗ್ಯಾಕ ಬೇಕಕ್ಕಾ ಈ ಘಾಟು? ಮೊದಲ ನಿನ್ನ ಎದಿ ನಾಜೂಕು" ಎಂದೆ.

"ಮನ್ಯಾಗ ಒಬ್ಬಾಕಿ ಕುಂತು ಏನ್ ಮಾಡ್ಲಿ? ನಾಕ್ ಮಂದಿ ಜೋಡಿ ಮಾತಾಡಿಕೋಂತ ಹೊತ್ತು ಹೋಗತೈತಿ" ಎಂದಳು.

ಮಾತಾಡಿಕೊಂಡು! ಇಡೀ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ರಾಶಿಯ ಆ ತುದಿಗೆ ಎಲ್ಲರಿಗೂ ಬೆನ್ನು ಮಾಡಿ ಕೂಡುವಳು, ಕೆಮ್ಮುವಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮತ್ತೆ ತೊಟ್ಟು ಮುರಿಯುವಳು.

ಅರುಣಾಳ ಮದುವೆ ಮೊರಬದ ಹನುಮೇಶನ ಜೊತೆ ಆಯಿತು. ಅಕ್ಷತೆ ಬೀಳುವುದಕ್ಕೆ ಮೊದಲು ಬೀಗರ ಕಡೆಯ ಹೆಂಗಸೊಬ್ಬಳು, "ನಿಮ್ಮವ್ವಗ ಕೆಮ್ಮು ಭಾಳ ಐತಲ್ಲವಾ?" ಎಂದಳು. ಅರುಣಾ ನಕ್ಕು, "ಕಾಯಿ ಕಣಕ್ಕ ಹೋಗತಾಳ್ರಿ. ಅಲ್ಲಿ ಎಲ್ಲಾರೂ ಹಿಂಗ ಕೆಮ್ಮತಾರ" ಎಂದಳು. ಪಕ್ಕದಲ್ಲೇ ಇದ್ದ ಫಕೀರವ್ವ ಅಗದಿ ಹಗುರಾದವಳ ಹಾಗೆ ಉಸಿರು ಬಿಟ್ಟಳು. ಮಗಳನ್ನು ಕಳಿಸುವ ದುಃಖ ಇರಬೇಕೆಂದು ನಾನು ಅಂದುಕೊಂಡೆ.

ಮದುವೆಯಾದ ಮರುವರ್ಷ ಅರುಣಾ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತಾಯಿಯ ಕೈಯಲ್ಲಿ ಆಗಬೇಕು. ಬಡವರಿರಲಿ ಇದ್ದವರಿರಲಿ ನಮ್ಮಲ್ಲಿ ಇದು ತಪ್ಪುವುದಿಲ್ಲ. ಬಿಸಿನೀರು, ಲೋಬಾನದ ಹೊಗೆ, ಅಳ್ವಿ ಪಾಯಸ, ಕೂಸಿಗೆ ಎಣ್ಣೆ ತಿಕ್ಕುವುದು, ಇದೆಲ್ಲ ಅತ್ತೆಯ ಕೈಯಿಂದಲೂ ಆಗುತ್ತದೆ, ಆದರೆ ಹುಡುಗಿಯ ಮನಸ್ಸು ತಣಿಯುವುದಿಲ್ಲ. ಮಗಳು ಫೋನು ಮಾಡಿ ಯಾವಾಗ ಕರೆಯಲು ಬರುತ್ತೀರೆಂದು ಕೇಳಿದಳು. ಫಕೀರವ್ವ, ನನ್ನೆದುರಿಗೇ, "ಕಾಯಿ ಸೀಜನ್ ಐತಿ. ನನಗ ಆಗೂದಿಲ್ಲ. ಅಲ್ಲೇ ಮಾಡಿಸ್ಕೋ" ಎಂದಳು.

ಆಚೆ ಕಡೆ ಫೋನು ಕಟ್ಟಾಯಿತು.

ನನಗೆ ಮೈ ಉರಿಯಿತು. "ಯಾವ ತಾಯಿ ಬೇ ನೀನು? ಮಗಳ ಬಾಣಂತನಕ್ಕಿಂತ ಮೆಣಸಿನಕಾಯಿ ಹೆಚ್ಚಾದ್ವೇನು? ನಿನಗ ಆಗದಿದ್ರ ಬಿಡು, ನನ್ನ ಮನ್ಯಾಗ ಇಟಗೊಂಡು ನಾ ಮಾಡತೀನಿ."

"ಬ್ಯಾಡ, ರೇವಿ" ಎಂದಳು. "ನಡುವ ಒಂದ ಗ್ವಾಡಿ ಅಷ್ಟ ಐತಿ."

ಗೋಡೆಗೂ ಬಾಣಂತನಕ್ಕೂ ಏನು ಸಂಬಂಧ ಎಂದು ತಿಳಿಯದೆ ಸಿಟ್ಟಿನಿಂದ ಎದ್ದು ಬಂದೆ. ಹಲವು ದಿನ ಮಾತಾಡಲಿಲ್ಲ. ಕೊನೆಗೆ ಅವಳೇ ಬಂದು, "ಕಲಘಟಗಿಗೆ ಹೋಗೂಣು ಬಾ, ತೊಟ್ಟಲಾ ತರೂದೈತಿ" ಎಂದಳು. ಬಾಣಂತನಕ್ಕೆ ಒಲ್ಲೆ ಎಂದವಳು ತೊಟ್ಟಿಲು ಮಾತ್ರ ಕಲಘಟಗಿಯದೇ ಆಗಬೇಕೆಂದು ಹಟ ಹಿಡಿದಳು. ಅರಗಿನ ಬಣ್ಣ ಮಿರಿಮಿರಿ ಮಿಂಚುವ ತೊಟ್ಟಿಲು, ಸುತ್ತಲೂ ಗಿಳಿ, ಹೂಬಳ್ಳಿ. ಒಂದೊಂದು ಗಿಳಿಯ ಮೇಲೂ ಕೈ ಆಡಿಸಿದಳು. ಒಳಗೆ ಬಗ್ಗಿ ನೋಡಿದಾಗ ಕೆಮ್ಮು ಬಂತು, ತಟ್ಟನೆ ಮುಖ ತಿರುಗಿಸಿ ಅಂಗಡಿಯಿಂದ ಹೊರಗೆ ಓಡಿದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಹೆಸರಿಡುವ ದಿನ ಮೊರಬಕ್ಕೆ ಹೋದೆವು. ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಹೆಂಗಸರು ಜೋಗುಳ ಹಾಡಿದರು, ಸೋದರತ್ತೆ ಮಗುವಿನ ಕಿವಿಯಲ್ಲಿ ಸೃಷ್ಟಿ ಎಂದಳು. ಇನ್ನು ತಾಯಿಯ ತಾಯಿ ಕೂಸನ್ನು ಎತ್ತಿಕೊಳ್ಳಲಿ ಎಂದು ಎಲ್ಲರೂ ತಿರುಗಿದರೆ ಫಕೀರವ್ವ ಹೊಸ್ತಿಲಾಚೆ ಕೂತಿದ್ದಳು. ಮಡಿಲಿನಲ್ಲಿ ಒಂದು ಉದ್ದನೆಯ ನೂಲಿನ ಹಗ್ಗ. ಮನೆಯಿಂದಲೇ ತಂದಿದ್ದಳು. ಒಂದು ತುದಿಯನ್ನು ನನ್ನ ಕಡೆ ಎಸೆದು, "ತೊಟ್ಟಲಾಕ ಕಟ್ಟು. ನಾ ಇಲ್ಲಿಂದನ ತೂಗತೀನಿ" ಎಂದಳು.

ಕಟ್ಟಿದೆ, ಏನು ಮಾಡಲಿ? ತುಂಬಿದ ಮನೆಯಲ್ಲಿ ಜಗಳ ಆಡಲಾಗುತ್ತದೆಯೇ? ಆಕೆ ಹೊಸ್ತಿಲಾಚೆಯಿಂದ ಹಗ್ಗ ಎಳೆಯುತ್ತ ತೂಗಿದಳು. ನಡುವೆ ನಡೆದಾಡುವವರು ಹಗ್ಗ ದಾಟಿಕೊಂಡು ಓಡಾಡಿದರು. "ಹೆಣ್ಣು ಹುಟ್ಟೇತಂತ ಮುಟ್ಟಲೇ ಇಲ್ಲ ನೋಡು" ಎಂದು ಯಾರೋ ಪಿಸುಗುಟ್ಟಿದ್ದು ಅರುಣಾಳಿಗೂ ಕೇಳಿತು. ಅವಳು ತಾಯಿಯ ಕಡೆ ನೋಡಿದಳು. ನಮ್ಮವ್ವ ಅಂಥಾಕಿ ಅಲ್ಲ, ಬಂದು ಒಮ್ಮೆ ಕೂಸನ್ನು ಎತ್ತಿಕೊಂಡು ತೋರಿಸಲಿ ಎಂದು ಕಾದಳು. ಫಕೀರವ್ವ ತಲೆ ತಗ್ಗಿಸಿ ಹಗ್ಗ ಎಳೆಯುತ್ತಲೇ ಇದ್ದಳು. ಅವತ್ತಿನಿಂದ ಅರುಣಾ ತಾಯಿಗೆ ಫೋನು ಮಾಡುವುದನ್ನು ಕಡಿಮೆ ಮಾಡಿದಳು.

ಆದರೂ ಹಬ್ಬ ಹುಣ್ಣಿಮೆಗೆ ತವರಿಗೆ ಬರಲೇಬೇಕಲ್ಲ, ಬರುತ್ತಿದ್ದಳು. ಕೂಸು ಅಂಬೆಗಾಲಿಡುತ್ತ ಅಜ್ಜಿಯ ಕಡೆ ಹೋದರೆ ಫಕೀರವ್ವ ಎದ್ದು ಹಿಂದೆ ಸರಿದು, ಅಂಗೈ ಮುಂದೆ ಚಾಚಿ, "ದೂರ, ದೂರ, ಅಲ್ಲೇ ಕುಂದ್ರು" ಎನ್ನುವಳು. ಕೂಸು ಅತ್ತರೆ ಅದೇ ಹಗ್ಗ ಹೊರಗೆ ತೆಗೆಯುವಳು. ಒಂದು ತುದಿ ಕೂಸಿಗೆ, ಒಂದು ತುದಿ ತನಗೆ. ಹೊಸ್ತಿಲ ಈಚೆ ಆಚೆ ಕೂತು ಜಗ್ಗಾಡುವರು. ಕೂಸು ಕಿಲಕಿಲ ನಗುವುದು. ಸೃಷ್ಟಿ ಎಂಬ ಹೊಸ ಹೆಸರು ಫಕೀರವ್ವನ ನಾಲಗೆಗೆ ಹೊರಳದೆ "ಚಿಟ್ಟಿ" ಎನ್ನುವಳು. ಬರಬರುತ್ತ ಚಿಟ್ಟಿ ಹೇಳಿಸಿಕೊಳ್ಳದೆಯೇ ಹೊಸ್ತಿಲಿನಲ್ಲಿ ನಿಲ್ಲುವುದನ್ನು ಕಲಿತಳು.

ನನಗೆ ಸಂಶಯ ಹುಟ್ಟಿದ್ದು ಹೋದ ಶ್ರಾವಣದಲ್ಲಿ. ಆಗ ಊರಲ್ಲಿ ಕಾಯಿ ಇಲ್ಲ, ಘಾಟಿಲ್ಲ, ಎಲ್ಲಿ ನೋಡಿದರೂ ಎರೆ ಮಣ್ಣಿನ ರಾಡಿ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಗೋಡೆಯಾಚೆ ಕೆಮ್ಮು. ಒಣ ಕೆಮ್ಮಲ್ಲ, ಒಳಗಿನಿಂದ ಏನನ್ನೋ ಅಗೆದು ತೆಗೆಯುವಂಥದ್ದು. ಕಫವೆಲ್ಲ ಬಿದ್ದಮೇಲೆ ನಿಲ್ಲುವುದು. ಅಂಗಳ ಸಾರಿಸಲು ಬಗ್ಗಿದರೆ ಮತ್ತೆ ಶುರು, ಮಗ್ಗುಲು ಬದಲಿಸಿದರೆ ಮತ್ತೆ ಶುರು. ಹಿತ್ತಲ ಬೇಲಿಯ ಮರೆಯಲ್ಲಿ ಬೂದಿ ಹಾಕಿದ ಡಬ್ಬಿ ಇಟ್ಟುಕೊಂಡಿದ್ದಳು. ಒಂದು ದಿನ ಅದರ ಮುಚ್ಚಳ ಸರಿದಿತ್ತು. ಹಳದಿ ಹಸಿರು ಕಫ, ಅಷ್ಟೊಂದು, ಮತ್ತು ಮೂಗು ಮುಚ್ಚಿಕೊಳ್ಳುವ ವಾಸನೆ. ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಮೆಡಿಕಲ್ ಅಂಗಡಿಯ ಗುಳಿಗೆಗೆ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ನೀರಿನ ಕೊಡ ಇಳಿಸಿ ಕಟ್ಟೆ ಹಿಡಿದು ನಿಂತುಬಿಡುತ್ತಿದ್ದಳು.

"ದವಾಖಾನಿಗೆ ಹೋಗೂಣು ನಡಿ" ಎಂದೆ.

"ಕಾಯಿ ಘಾಟು ಇನ್ನೂ ಎದ್ಯಾಗ ಐತಿ, ಹೋಗತೈತಿ ಬಿಡ" ಎಂದಳು. ಶ್ರಾವಣದಲ್ಲಿ ಕಾಯಿ ಘಾಟು! ಸುಳ್ಳು ಹೇಳುವುದಕ್ಕೂ ಒಂದು ಅಳತೆ ಬೇಡವೇ?

ಈ ಸಲ ಕಣ ಶುರುವಾದಾಗ ನಾನು ಅವಳ ಬಾಜುವಿನಲ್ಲೇ ಕೂತೆ. ಸರಿದು ಕೂತರೆ ನಾನೂ ಸರಿದೆ. ಒಂದು ಮಧ್ಯಾಹ್ನ ದೊಡ್ಡ ಕೆಮ್ಮು ಬಂತು. ಸಾಲಿನವರೆಲ್ಲ ಕೆಮ್ಮಿ ಸುಮ್ಮನಾದರೂ ಅವಳದು ನಿಲ್ಲಲಿಲ್ಲ. ಮುಂದೆ ಬಗ್ಗಿದಳು. ಬಾಯಿಂದ ರಕ್ತ ಬಂದು ಮೆಣಸಿನಕಾಯಿಯ ಮೇಲೆ ಬಿತ್ತು. ಕೆಂಪು ರಾಶಿಯಲ್ಲಿ ಕೆಂಪು ಯಾರಿಗೆ ಕಾಣಬೇಕು? ಅವಳು ನಿಧಾನವಾಗಿ ಆ ಕಾಯಿಗಳನ್ನು ಆರಿಸಿ ತನ್ನ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ನಾನು ಅವಳ ಕೈ ಹಿಡಿದೆ.

"ಬಾಯಿ ಮಾಡಬ್ಯಾಡ ರೇವಿ, ನಿನ್ನ ಕಾಲ ಬೀಳತೀನಿ" ಎಂದಳು.

ನಾನು ಬಾಯಿ ಮಾಡಲಿಲ್ಲ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಅವಳನ್ನು ಎಬ್ಬಿಸಿಕೊಂಡು ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿಸಿದೆ.

ಬಸ್ಸಿನ ಕೊನೆಯ ಸೀಟಿನಲ್ಲಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು. "ಹಳೇ ಬ್ಯಾನಿ ತಿರುಗಿ ಬಂದೈತಿ. ಅರುಣಾನ ಲಗ್ನಕ್ಕಿಂತ ಮೊದಲ ಬಂದೈತಿ. ಮಂದಿಗೆ ಗೊತ್ತಾಗಿದ್ರ ಆಕಿನ್ನ ಯಾರ ಮಾಡ್ಕೋತಿದ್ರು? ಕಣದಾಗ ಎಲ್ಲಾರೂ ಕೆಮ್ಮತಾರಲ್ಲ, ಅದಕ್ಕ ಬಂದೆ."

"ಆಮ್ಯಾಲಾದ್ರೂ ಹೇಳಬೇಕಿತ್ತಲ್ಲ?"

"ಹೆಂಗ್ ಹೇಳ್ಲಿ? ಮುಚ್ಚಿಟ್ಟು ಕೊಟ್ರು ಅಂತ ಅತ್ತಿ ಮನ್ಯಾಗ ಆಕಿಗೆ ಚುಚ್ಚಿ ಚುಚ್ಚಿ ತಿಂತಿದ್ರು." ಕಿಟಕಿಯ ಗಾಜು ಸರಿಸಿ ಗಾಳಿಗೆ ಮುಖ ಮಾಡಿದಳು. "ಬಾಣಂತಿ, ಹಸುಗೂಸು. ಅವರಿಗೆ ಹತ್ತಿದ್ರ ನಾ ಬದುಕಬೇಕಾ?"

ಗೋಡೆಯ ಮಾತು, ಹಗ್ಗದ ಉದ್ದ, ಚಾಚಿದ ಅಂಗೈ ಎಲ್ಲ ನನಗೆ ಒಂದೇ ಸಲ ತಿಳಿಯಿತು. ನಾನು ಬಸ್ಸಿನಲ್ಲೇ ಅತ್ತೆ. ಅವಳು ಅಳಲಿಲ್ಲ, ನನ್ನಿಂದ ಇನ್ನಷ್ಟು ಸರಿದು ಕೂತಳು.

ದೊಡ್ಡ ದವಾಖಾನೆಯಲ್ಲಿ ರಕ್ತ ನಿಲ್ಲುವ ತನಕ ಇರಬೇಕೆಂದು ವಾರ್ಡಿಗೆ ಸೇರಿಸಿಕೊಂಡರು. ಎದೆ ರೋಗ ನೋಡುವ ಡಾಕ್ಟರ್ ಮುಸರತ್ ಎಂಬ ಹೆಣ್ಣುಮಗಳು ಮಂಚದ ಮೇಲೆಯೇ ಕೂತು ಮಾತಾಡಿಸಿದಳು.

"ಮುಂಜಾನೆ ಎದ್ದ ಕೂಡಲೇ ಕಫ ಭಾಳ ಬರತೈತೇನ್ರಿ?"

"ಕಾಯಿ ಘಾಟ್ರಿ" ಎಂದಳು ಫಕೀರವ್ವ, ರೂಢಿಯಂತೆ.

"ಹೌದ್ರಿ, ಬರತೈತ್ರಿ" ಎಂದೆ ನಾನು. "ಬಗ್ಗಿದ್ರೂ ಬರತೈತಿ, ಮಲಗಿದ್ರೂ ಬರತೈತಿ. ವಾಸನಿ ಐತಿ. ಮ್ಯಾಲಿಂದ ಮ್ಯಾಲ ಜ್ವರ." ಗೋಡೆಯಾಚೆ ಕೇಳಿದ್ದು, ಹಿತ್ತಲಲ್ಲಿ ಕಂಡದ್ದು ಎಲ್ಲ ಹೇಳಿದೆ. ನನ್ನ ಬಾಯಿ ಜೋರು ಅವತ್ತು ಉಪಯೋಗಕ್ಕೆ ಬಂತು.

ಡಾಕ್ಟರು ಫಕೀರವ್ವನ ಎರಡು ತೋರುಬೆರಳು ಹಿಡಿದು ಉಗುರಿಗೆ ಉಗುರು ಜೋಡಿಸಿದಳು. ಆಮೇಲೆ ತನ್ನವನ್ನೂ ಹಾಗೆಯೇ ಜೋಡಿಸಿ ತೋರಿಸಿದಳು. ಡಾಕ್ಟರ ಉಗುರುಗಳ ನಡುವೆ ಸಣ್ಣ ಸಂದಿ ಇತ್ತು, ಬೆಳಕು ಕಾಣುತ್ತಿತ್ತು. ನಾನೂ ಜೋಡಿಸಿ ನೋಡಿಕೊಂಡೆ, ನನಗೂ ಇತ್ತು. ಫಕೀರವ್ವನ ಬೆರಳ ತುದಿ ಉಬ್ಬಿ, ಉಗುರು ಬಾಗಿ, ನಡುವೆ ಬೆಳಕೇ ಇರಲಿಲ್ಲ. ತೊಟ್ಟು ಮುರಿದು ಮುರಿದು ಹಾಗಾಗಿದೆ ಎಂದು ನಾವೆಲ್ಲ ತಿಳಿದಿದ್ದೆವು. ಅದೇ ತೊಟ್ಟು ಮುರಿದ ನನ್ನ ಬೆರಳು ಸರಿಯಾಗಿಯೇ ಇದ್ದವು. ಎದೆಯ ಬೇನೆ ಹಳೆಯದಾದರೆ ಬೆರಳು ಹೀಗಾಗುತ್ತವೆ ಎಂದು ಡಾಕ್ಟರು ಹೇಳಿದಳು.

ಕಫದ ಪರೀಕ್ಷೆ, ಎದೆಯ ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ಬಂದು ಹೇಳಿದಳು. "ಟಿ.ಬಿ. ಇಲ್ಲರಿ ನಿಮಗ. ಅದು ಅವಾಗ ಹೋಗೇತಿ. ಆದ್ರ ಹೋಗುಮುಂದ ಶ್ವಾಸದ ಕೊಳವಿ ಕೆಡಿಸಿ ಹೋಗೇತಿ. ಅವು ಹಿಗ್ಗಿ ಸಡಿಲಾಗ್ಯಾವ. ಕಫ ಮ್ಯಾಲೆ ಬರದ ಅಲ್ಲೇ ನಿಂತು ಕೆಡತೈತಿ. ಇದಕ್ಕ ಬ್ರಾಂಕಿಯೆಕ್ಟಾಸಿಸ್ ಅಂತಾರ. ಕೆಟ್ಟ ಭಾಗ ಮೊದಲಿನಂಗ ಆಗೂದಿಲ್ಲ, ಆದ್ರ ದಿನಾ ಕಫ ತೆಗದು, ಔಷಧ ತಗೊಂಡ್ರ ಮುಂದ ಕೆಡೂದನ್ನ ತಡೀಬಹುದು. ಆ ಕಣದ ಧೂಳಿಗೆ ಮಾತ್ರ ಇನ್ನ ಹೋಗಬ್ಯಾಡ್ರಿ. ಇಷ್ಟ ದಿನ ಯಾಕ ಬರಲಿಲ್ಲ?"

"ಇದು ಮಂದಿಗೆ ಹತ್ತತೈತೇನ್ರಿ?" ಎಂದು ಕೇಳಿದಳು ಫಕೀರವ್ವ.

"ಇಲ್ಲರಿ. ಈ ಬ್ಯಾನಿ ಯಾರಿಗೂ ಹತ್ತೂದಿಲ್ಲ."

"ಹಂಗಾರ," ಎಂದು ತಡೆದಳು. "ಹಂಗಾರ ನಾ ಕೂಸಿನ್ನ ಎತ್ಕೋಬಹುದಿತ್ತೇನ್ರಿ?"

"ಯಾವ ಕೂಸು?"

"ಮೊಮ್ಮಗಳು. ಹುಟ್ಟಿದಾಗ."

"ಎತ್ಕೋಬಹುದಿತ್ತಲ್ಲರಿ" ಎಂದಳು ಡಾಕ್ಟರು, ಇದೇನು ಪ್ರಶ್ನೆ ಎನ್ನುವ ಹಾಗೆ. "ಒಮ್ಮೆ ಬಂದು ತೋರಿಸಿದ್ರ ಅವತ್ತ ಹೇಳ್ತಿದ್ವಿ."

ಫಕೀರವ್ವ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳು ಕೆಮ್ಮಾಯಿತು, ಕೆಮ್ಮು ಅಳುವಾಯಿತು, ಬಹಳ ಹೊತ್ತು ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ, ದವಾಖಾನೆಯಲ್ಲಿ ಕಲಿಸಿದ ಹಾಗೆ, ಅವಳನ್ನು ಟೊಂಕದ ಕೆಳಗೆ ದಿಂಬು ಕೊಟ್ಟು ಬೋರಲು ಮಲಗಿಸಿ, ಅಂಗೈ ಗುಳಿ ಮಾಡಿ ಬೆನ್ನು ತಟ್ಟುವುದು ನನ್ನ ಕೆಲಸವಾಯಿತು. ಸುದ್ದಿ ತಿಳಿದು ಬಂದ ಹೊಳೆಯಪ್ಪ ಭಾವ ಅದನ್ನು ನೋಡಿ, "ಹುಟ್ಟಿದ ಮರಿ ಉಸಿರಾಡದಿದ್ರ ನಾವೂ ಹಿಂಗ ತಲಿ ಕೆಳಗ ಮಾಡತೀವಿ" ಎಂದರು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಸುಮ್ಮನೆ ಕೂತರು. ಕುರಿಮರಿಯ ಉಸಿರು ತಿಳಿಯುವ ಮನುಷ್ಯನಿಗೆ ಹೆಂಡತಿಯ ಉಸಿರು ತಿಳಿದಿರಲಿಲ್ಲ.

ಅರುಣಾಳಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ. ಮರುದಿನ ಮೊದಲ ಬಸ್ಸಿಗೆ ಆಕೆ ಮಗಳನ್ನು ಕರೆದುಕೊಂಡು ಬಂದಳು.

ಅವತ್ತು ಫಕೀರವ್ವ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಕೈಯನ್ನು ಎರಡೆರಡು ಸಲ ತೊಳೆದುಕೊಂಡು ಪಡಸಾಲೆಯ ನಡುವೆ ಕೂತಿದ್ದಳು. ಬಾಗಿಲಲ್ಲಿ ಚಿಟ್ಟಿ ಕಂಡ ಕೂಡಲೇ ಎರಡೂ ಕೈ ಚಾಚಿದಳು.

"ಬಾರವ್ವ. ಬಾ, ಆಯಿ ಕಡೆ ಬಾ."

ಚಿಟ್ಟಿ ಓಡಿ ಬಂದಳು. ಹೊಸ್ತಿಲ ತನಕ ಬಂದು ನಿಂತಳು.

"ಒಳಗ ಬಾ ನನ್ನವ್ವ. ಏನೂ ಆಗೂದಿಲ್ಲ."

ಚಿಟ್ಟಿ ತಲೆ ಅಲ್ಲಾಡಿಸಿದಳು. ತನ್ನ ಪುಟ್ಟ ಅಂಗೈಯನ್ನು ಮುಂದೆ ಚಾಚಿ, ಅಜ್ಜಿ ಮಾಡುತ್ತಿದ್ದ ಹಾಗೆಯೇ, "ದೂರ, ದೂರ" ಎಂದಳು. ಚೆನ್ನಾಗಿ ಕಲಿತಿದ್ದೇನೆ ನೋಡು ಎಂದು ನಕ್ಕಳು ಕೂಡ.

ಫಕೀರವ್ವನ ಕೈಗಳು ಮಡಿಲಿಗೆ ಇಳಿದವು. "ರೇವಿ, ಆ ಹಗ್ಗ ಕೊಡ" ಎಂದಳು.

ಕೊಟ್ಟೆ. ಒಂದು ತುದಿಯನ್ನು ಎಸೆದಳು. ಚಿಟ್ಟಿ ಹೊಸ್ತಿಲ ಮೇಲೆ ಕೂತು ಹಿಡಿದುಕೊಂಡಳು, ಜಗ್ಗಿದಳು, ನಕ್ಕಳು. ಫಕೀರವ್ವ ಈ ಕಡೆಯಿಂದ ಹಗ್ಗವನ್ನು ತನ್ನ ಅಂಗೈಗೆ ಒಂದೊಂದೇ ಸುತ್ತು ಸುತ್ತಿಕೊಳ್ಳುತ್ತ ಹೋದಳು. ಆಟದ ಗುಂಗಿನಲ್ಲಿ ಮಗು ಹೊಸ್ತಿಲು ದಾಟಿ ಒಳಗೆ ಬಂದದ್ದು ಅದಕ್ಕೇ ತಿಳಿಯಲಿಲ್ಲ. ಇನ್ನಷ್ಟು ಹತ್ತಿರ ಬಂತು, ಇನ್ನೇನು ಕೈಗೆ ಸಿಗುವ ಹಾಗೆ. ಫಕೀರವ್ವ ಮುಂದೆ ಬಗ್ಗಿ ಕೈ ಚಾಚಿದಳು.

ಬಗ್ಗಿದ್ದೇ ತಪ್ಪಾಯಿತು. ಕೆಮ್ಮು ಬಂತು. ಅವಳು ತಟ್ಟನೆ ಮುಖ ತಿರುಗಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಚಾಚಿದ ಇನ್ನೊಂದು ಕೈ, ಅವಳು ಹೇಳದೆಯೇ, ಇಷ್ಟು ವರ್ಷದ ರೂಢಿಯಂತೆ ಅಂಗೈ ಎತ್ತಿ ದೂರ ಎಂದುಬಿಟ್ಟಿತು.

ಚಿಟ್ಟಿ ಹಗ್ಗ ಬಿಟ್ಟು ಓಡಿ ಅಂಗಳಕ್ಕೆ ಹೋದಳು.

ಅರುಣಾ ಬಾಗಿಲ ಬದಿಯಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. ಒಳಗೆ ಬಂದು ತಾಯಿಯ ಹಿಂದೆ ಕೂತಳು, ನಾನು ಅಲ್ಲೇ ತೋರಿಸಿಕೊಟ್ಟ ಹಾಗೆ ಅಂಗೈ ಗುಳಿ ಮಾಡಿ ಬೆನ್ನು ತಟ್ಟತೊಡಗಿದಳು. "ನನಗೊಬ್ಬಾಕಿಗಾದ್ರೂ ಯಾಕ ಹೇಳಲಿಲ್ಲ ಬೇ ಅವ್ವಾ?" ಎಂದು ಅಳುತ್ತ ಕೇಳಿದಳು. ಕೆಮ್ಮು ಇಳಿದ ಮೇಲೆ ಫಕೀರವ್ವ ಅಂಗಳದ ಕಡೆ ನೋಡಿದಳು. ಅಲ್ಲಿ ಚಿಟ್ಟಿ ಬೇವಿನ ಗಿಡದ ಹಿಂದೆ ನಿಂತು ಇಣುಕುತ್ತಿದ್ದಳು.

"ಕೂಸಿಗೆ ಬೈಯಬ್ಯಾಡ" ಎಂದಳು. "ನಾನ ಕಲಿಸೀನಿ."